ಅಜ್ಜಪ್ಪನ ಕುರಿಯ ಲೆಕ್ಕ

ಯಾವಗಲ್ಲು ಊರಿನ ಶಾಲೆಗೆ ಸೈರಾಬಾನು ಗಣಿತ ಕಲಿಸಲು ಬಂದು ಎರಡನೆಯ ವರ್ಷ ನಡೆದಿತ್ತು. ಎರಡು ಸಾವಿರದ ಆರನೆಯ ಇಸವಿ. ಗಜೇಂದ್ರಗಡದ ನೇಕಾರ ಅಬ್ದುಲಗನಿಯ ಮಗಳು. ರೋಣದಲ್ಲಿ ಒಂದು ಕೋಣೆ ಹಿಡಿದುಕೊಂಡು ದಿನಾ ಮುಂಜಾನೆ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮಕ್ಕಳ ಬಾಯಲ್ಲಿ ಆಕೆ ‘ಅಕ್ಕೋರ’.

ಆಕೆಗೆ ತಲೆನೋವಾಗಿದ್ದು ಏಳನೆಯ ತರಗತಿ. ಹಲಗೆಯ ಮೇಲೆ ‘2x + 5 = 17’ ಎಂದು ಬರೆದರೆ ಸಾಕು, ಮೂವತ್ತೊಂದು ಮಕ್ಕಳೂ ನಾ ಮುಂದು ತಾ ಮುಂದು ಎಂದು ಬಿಡಿಸುತ್ತಿದ್ದರು. ಅದನ್ನೇ ಮಾತಿನಲ್ಲಿ, ‘ಒಂದು ಸಂಖ್ಯೆಯ ಎರಡರಷ್ಟಕ್ಕೆ ಐದು ಕೂಡಿಸಿದರೆ ಹದಿನೇಳು, ಆ ಸಂಖ್ಯೆ ಯಾವುದು?’ ಎಂದು ಕೇಳಿದರೆ ತರಗತಿಯೇ ಮೂಕವಾಗಿಬಿಡುತ್ತಿತ್ತು. ಕಡೆಗೆ ಸೈಕಲ್ ಅಂಗಡಿಯವರ ಮಗ ಆಫ್ತಾಬ ಧೈರ್ಯ ಮಾಡಿ, “ಅಕ್ಕೋರ, ಕೂಡಿಸೋದೋ ಕಳಿಯೋದೋ ಅಷ್ಟ ಹೇಳಿಬಿಡ್ರಿ, ಮುಂದಿಂದು ನಾವ ಮಾಡ್ತೀವಿ” ಎನ್ನುತ್ತಿದ್ದ.

“ಐದು ಲೆಕ್ಕ ಬಾಯಿಪಾಠ ಮಾಡಸ್ರಿ. ಪರೀಕ್ಷಾದಾಗ ಅವ ಬರ್ತಾವ,” ಎಂದು ಹೆಡ್‌ಮಾಸ್ತರ ಹೇಮಪ್ಪನವರು ಬುದ್ಧಿ ಹೇಳಿದ್ದರು. ಸೈರಾಬಾನುವಿಗೆ ಮನಸ್ಸು ಒಪ್ಪಲಿಲ್ಲ. ಕಿಟಕಿಯ ಪಕ್ಕ ಕೂರುವ ಸಿದ್ದಲಿಂಗವ್ವನ ನೋಟುಬುಕ್ಕು ಆಕೆಯ ಕಣ್ಣಿಗೆ ಕಟ್ಟಿದಂತಿತ್ತು. ಆ ಹುಡುಗಿ ಪ್ರತಿಯೊಂದು ಮಾತಿನ ಲೆಕ್ಕವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು, ಕೆಳಗೆ ಅರ್ಧ ಪುಟ ಖಾಲಿ ಬಿಡುತ್ತಿದ್ದಳು. ಆ ಜಾಗವನ್ನು ತುಂಬಲು ಬೇರೆ ಯಾರೋ ಬರುವವರಿದ್ದಾರೆ ಎನ್ನುವ ಹಾಗೆ.

ಒಂದು ಬುಧವಾರ ಸೈರಾಬಾನು ಪುಸ್ತಕ ಮುಚ್ಚಿಟ್ಟಳು. “ನಾಳೆ ನಿಮ್ಮ ಮನಿಯೊಳಗ ಏನರ ಒಂದು ಎಣಿಸ್ಕೊಂಡ ಬರ್ರಿ. ಅದರ ಮ್ಯಾಲ ನಾವ ಲೆಕ್ಕ ಕಟ್ಟೋಣು.”

ಮಾರನೆಯ ದಿನ ಒಬ್ಬಳು ರೊಟ್ಟಿ ಎಣಿಸಿ ತಂದಳು, ಇನ್ನೊಬ್ಬ ಕೋಳಿ. ಆಫ್ತಾಬ ಅಪ್ಪನ ಅಂಗಡಿಯ ಹಳೆಯ ಟ್ಯೂಬು ಎಣಿಸಿದ್ದ. ಸಿದ್ದಲಿಂಗವ್ವ ಮಾತ್ರ ತಲೆ ಎತ್ತಲಿಲ್ಲ.

“ಯಾಕವಾ?”

“ಕುರಿ ಎಷ್ಟದಾವ ಅಂತ ಕೇಳಿದ್ನಿರಿ. ಮುತ್ಯಾ ಬೈದ.”

ಸೈರಾಬಾನು ಏನೋ ಸಮಾಧಾನ ಹೇಳಿ ಪಾಠ ಮುಂದುವರಿಸಿದಳು. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಮತ್ತೆ ಕೂತಿದ್ದರು. ಬಾಗಿಲಲ್ಲಿ ಕಂಬಳಿ ಹೊದ್ದ ಎತ್ತರದ ಮುದುಕನೊಬ್ಬ ಬಂದು ನಿಂತ. ಕೈಯಲ್ಲಿ ಕೋಲು, ಚಪ್ಪಲಿಗೆ ಮೆತ್ತಿದ ಎರೆಮಣ್ಣು. ಸಿದ್ದಲಿಂಗವ್ವ ಗೋಡೆಗೆ ಅಂಟಿಕೊಂಡಳು. ಅವಳು ಮುತ್ಯಾ ಎನ್ನುವ ತಾತ, ಅಜ್ಜಪ್ಪ.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ,” ಎಂದ ಅಜ್ಜಪ್ಪ, ಸಿಟ್ಟಿನ ದನಿಯಲ್ಲೇ. “ಕುರಿ ಎಷ್ಟದಾವ ಅಂತ ನಾವು ಎಣಿಸಿ ಹೇಳಂಗಿಲ್ರಿ. ಜೀವ ಇರೋ ಸಂಪತ್ತು. ದೃಷ್ಟಿ ಆಕ್ಕೈತಿ. ನಮ್ಮಪ್ಪ ನನಗ ಹೇಳಲಿಲ್ಲ, ನಾ ನನ್ನ ಮಗಗ ಹೇಳಿಲ್ಲ. ಈ ಹುಡಿಗಿ ಬಾಯಿಲೆ ಅದನ್ನ ಕೇಳಸಬ್ಯಾಡ್ರಿ.”

ಸೈರಾಬಾನುವಿಗೆ ನಾಚಿಕೆಯಾಯಿತು. ಕುರ್ಚಿ ಎಳೆದು ಕೂರಲು ಹೇಳಿದಳು. “ತಪ್ಪಾತ್ರಿ ಅಜ್ಜಾರ. ನನಗ ಗೊತ್ತಿರಲಿಲ್ಲ.” ಹೀಗೆನ್ನುವಾಗಲೇ ಆಕೆಗೆ ಒಂದು ವಿಚಾರ ಹೊಳೆಯಿತು. “ನೀವು ಎಷ್ಟ ಅಂತ ಹೇಳಬ್ಯಾಡ್ರಿ. ಮುಚ್ಚಿಟ್ಟ ಹೇಳ್ರಿ. ಎರಡ ಪಟ್ಟ ಮಾಡ್ರಿ, ಏನರ ಕೂಡಿಸ್ರಿ, ಕಡೀಕ ಎಷ್ಟಾತು ಅಂತ ಅಷ್ಟ ಹೇಳ್ರಿ.”

“ಅಂದ್ರ ಹೇಳಿದಂಗೂ ಆಗಬೇಕು, ಹೇಳದಂಗೂ ಇರಬೇಕು?”

“ಹೌದ್ರಿ. ನಮ್ಮ ಲೆಕ್ಕ ಅಂದ್ರ ಅದ.”

ಅಜ್ಜಪ್ಪನ ಮೀಸೆಯೊಳಗೆ ನಗು ಮೂಡಿತು. ಇಂಥದು ಆತನಿಗೆ ಸೇರುವ ಆಟ. ಕಣ್ಣು ಮುಚ್ಚಿ, ಬೆರಳ ಗೆಣ್ಣು ಮುಟ್ಟಿಕೊಳ್ಳುತ್ತ ಬಹಳ ಹೊತ್ತು ಕೂತ. ಆಮೇಲೆ ಹೇಳಿದ: “ದೊಡ್ಡ ಕುರಿ ಎಷ್ಟದಾವೋ ಅದರ ದುಪ್ಪಟ್ಟು. ಅದಕ್ಕ ನನ್ನ ಮರಿ ಹನ್ನೊಂದು ಕೂಡಿಸ್ರಿ, ಮರಿ ಲೆಕ್ಕ ಹೇಳಿದ್ರ ನಡಿತೈತಿ. ತೊಂಬತ್ತೇಳು. ಹುಡುಕ್ರಿ ನೋಡೋಣು.”

ತರಗತಿ ಎಂದಿನಂತೆ ಸುಮ್ಮನಾಯಿತು. ಆದರೆ ಸಿದ್ದಲಿಂಗವ್ವ ಎದ್ದು ನಿಂತಿದ್ದಳು. ಕೇಳದೆಯೇ ಬಂದು ಸುಣ್ಣದ ಕಡ್ಡಿ ಹಿಡಿದಳು. “ಗೊತ್ತಿಲ್ಲದ್ದು ಕುರಿ,” ಎಂದು ತನಗೆ ತಾನೇ ಹೇಳಿಕೊಂಡು x ಬರೆದಳು. ‘2x + 11 = 97’. ಕೆಳಗೆ ‘2x = 86’. ಅಲ್ಲಿಗೆ ಕೈ ನಿಲ್ಲಿಸಿದಳು.

“ಮುಂದ?” ಎಂದಳು ಸೈರಾಬಾನು.

“ಗೊತ್ತಾತ್ರಿ. ಬರಿಯಂಗಿಲ್ಲ.”

ಅಜ್ಜಪ್ಪ ಜೋರಾಗಿ ನಕ್ಕ. “ಬಾ ಇಲ್ಲೆ, ಕಿವ್ಯಾಗ ಹೇಳು.” ಅವಳು ಪಿಸುಗುಟ್ಟಿದಳು. ಮುದುಕ ತಲೆ ಅಲ್ಲಾಡಿಸಿದ. “ತಪ್ಪವಾ.”

ಮಕ್ಕಳೆಲ್ಲ ‘ಅಯ್ಯ’ ಎಂದರು. ಸಿದ್ದಲಿಂಗವ್ವನ ಕಣ್ಣು ತುಂಬಿತು. ಸೈರಾಬಾನು ಬಾಯಿ ಹಾಕಬೇಕೆಂದುಕೊಂಡು ತಡೆದುಕೊಂಡಳು. ಹುಡುಗಿ ಹಲಗೆಗೆ ಮರಳಿ ಹೋಗಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲು ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ತಿರುಗಿ ನಿಂತು, “ಮುತ್ಯಾ, ನಂದು ಬರೋಬರಿ ಐತಿ. ನೀ ಹೇಳಿದ್ದ ತಪ್ಪೈತಿ,” ಎಂದಳು.

ಯಾವಗಲ್ಲಿನಲ್ಲಿ ಅಜ್ಜಪ್ಪನಿಗೆ ಹಾಗೆಂದವರು ಇರಲಿಲ್ಲ. ಮುದುಕ ಹುಬ್ಬು ಗಂಟು ಹಾಕಿಕೊಂಡು ಮತ್ತೆ ಗೆಣ್ಣು ಮುಟ್ಟತೊಡಗಿದ. ತುಟಿಯಲ್ಲೇ ಕುರಿಗಳ ಹೆಸರು ಕರೆಯುತ್ತಿದ್ದ.

ಅಷ್ಟರಲ್ಲಿ ಸಿದ್ದಲಿಂಗವ್ವನೇ ಕೇಳಿದಳು: “ಮುಂಜಾನಿ ಹುಟ್ಟಿದ ಅವಳಿ ಮರಿ ಲೆಕ್ಕಕ್ಕ ಹಿಡದೀ ಏನು?”

ಅಜ್ಜಪ್ಪನ ಬೆರಳು ನಿಂತಿತು. “ಅರೇ! ಕೂಡಸೋ ಮುಂದ ಹಿಡದೇನಿ. ಬಾಯಾಗ ಮಾತ್ರ ರೂಢಿಲೆ ಹನ್ನೊಂದ ಬಂತು. ಹದಿಮೂರು ಅನ್ನಬೇಕಿತ್ತು.”

ಅವಳು ಹನ್ನೊಂದನ್ನು ಒರೆಸಿ ಹದಿಮೂರು ಮಾಡಿದಳು. ಮತ್ತೆ ಕಳೆದಳು, ಮನಸ್ಸಿನಲ್ಲೇ ಅರ್ಧ ಮಾಡಿದಳು, ಕಿವಿಯಲ್ಲಿ ಹೇಳಿದಳು. ಈ ಸಲ ಮುದುಕ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ. ಆಗ ಹಿಂದಿನಿಂದ ಆಫ್ತಾಬ, “ನನಗೂ ಬಂತ್ರಿ! ನಲವ...” ಎಂದು ಕೂಗಲು ಹೋದ; ಪಕ್ಕದ ಇಬ್ಬರು ಅವನ ಬಾಯಿ ಒತ್ತಿ ಹಿಡಿದರು. ಆ ಮಧ್ಯಾಹ್ನ ತರಗತಿಯ ಬಹುತೇಕ ಎಲ್ಲರಿಗೂ ಉತ್ತರ ಸಿಕ್ಕಿತು. ಒಬ್ಬರೂ ಅದನ್ನು ಗಟ್ಟಿಯಾಗಿ ಹೇಳಲಿಲ್ಲ.

ಅಲ್ಲಿಂದ ಮುಂದೆ ಶನಿವಾರದ ಕೊನೆಯ ಅವಧಿ ಮುಚ್ಚಿಡುವ ಆಟಕ್ಕೆ ಮೀಸಲಾಯಿತು. ಒಬ್ಬರು ಏನನ್ನೋ ಮುಚ್ಚಿಟ್ಟು ಹೇಳುವುದು, ಉಳಿದವರು ಹುಡುಕುವುದು. ಕೂಡಿಸೋದೋ ಕಳಿಯೋದೋ ಎಂದು ಯಾರೂ ಕೇಳಲಿಲ್ಲ. ಮುಚ್ಚಿಟ್ಟವರು ಯಾವ ದಾರಿಯಲ್ಲಿ ಹೋಗಿದ್ದಾರೋ ಆ ದಾರಿಯಲ್ಲೇ ಹಿಂದಕ್ಕೆ ಬರಬೇಕೆಂಬುದು ಅವರಿಗೆ ಆಡುತ್ತ ಆಡುತ್ತ ತಿಳಿದುಹೋಗಿತ್ತು. ಸದ್ದು ಕೇಳಿ ಒಂದು ಶನಿವಾರ ಹೇಮಪ್ಪನವರೂ ಒಳಗೆ ಬಂದರು. “ನಂದೂ ಒಂದ ಇರಲಿ. ನನ್ನ ವಯಸ್ಸಿನ ಅರ್ಧಕ್ಕ ಮೂವತ್ತೆರಡು ಕೂಡಿಸಿದ್ರ ಅರವತ್ತು.”

“ಐವತ್ತಾರ್ರೀ ಸರ್!” ಎಂದು ತರಗತಿ ಒಂದೇ ಬಾಯಲ್ಲಿ ಕೂಗಿತು. ಹೇಮಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಸಿದ್ದಲಿಂಗವ್ವ ಮಾತ್ರ ನಗಲಿಲ್ಲ. “ಐವತ್ತೆಂಟಕ್ಕ ನೌಕರಿ ಬಿಡಬೇಕಂತಲ್ರಿ. ಹಂಗಾದ್ರ ಇನ್ನ ಎರಡ ವರ್ಷಕ್ಕ ನೀವು ಹೋಗ್ತೀರೇನ್ರಿ ಸರ್?”

ಹೇಮಪ್ಪನವರು ಕನ್ನಡಕ ತೆಗೆದು ಪಂಜೆಯ ಅಂಚಿನಿಂದ ಒರೆಸಿದರು. “ನಾ ಅಷ್ಟ ದೂರ ಕೇಳಿರಲಿಲ್ಲವಾ,” ಎಂದರು.

ವಾರ್ಷಿಕ ಪರೀಕ್ಷೆಯಲ್ಲಿ ಇಪ್ಪತ್ತಾರು ಮಕ್ಕಳು ಮಾತಿನ ಲೆಕ್ಕ ಸರಿಯಾಗಿ ಬಿಡಿಸಿದ್ದರು. ಉಳಿದ ಐವರ ಮನೆಗೆ ಸೈರಾಬಾನು ತಾನೇ ಹೋಗಿ, ರಜೆಯಲ್ಲಿ ಕಲಿಸಲು ವಾರಕ್ಕೆ ಎರಡು ದಿನ ಬರುತ್ತೇನೆಂದು ಹೇಳಿದಳು. ಕೊನೆಯ ಮನೆಯಿಂದ ಹೊರಬೀಳುವಾಗ ಸಂಜೆಯ ಬಸ್ಸು ಹೋಗಿಬಿಟ್ಟಿತ್ತು. ರೋಣದ ಕಡೆ ಹೊರಟ ಒಂದು ಟ್ರ್ಯಾಕ್ಟರಿನಲ್ಲಿ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. ದಾರಿಯುದ್ದಕ್ಕೂ ಅವರು ಆಕೆಯ ತವರು, ಮದುವೆ, ಎಲ್ಲ ವಿಚಾರಿಸಿದರು. ಆಕೆ ಏನನ್ನೂ ಮುಚ್ಚಿಡದೆ ನಗುನಗುತ್ತ ಎಲ್ಲಕ್ಕೂ ಉತ್ತರ ಹೇಳಿದಳು.