ಮಾಚನ ಪಟ್ಟಿಗೆ ತಕ್ಕ ಕತ್ತು

ಮನುಷ್ಯಕುಲದ ಮುಂದೆ ಆಗಾಗ ಗಹನವಾದ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಶೆಟ್ಟಿಕೆರೆಯಾಚೆ ತೆಂಗಿನ ತೋಟದ ನಡುವಿರುವ ಚಿತ್ತಣ್ಣನ ಹೊಸ ಮನೆಯಲ್ಲಿ ಈ ಸಲದ ಯುಗಾದಿ ಕಳೆದ ಮೇಲೆ ಎದ್ದದ್ದು ಅಂಥ ಪ್ರಶ್ನೆ: ಈ ಮನೆಗೆ ಯಾವ ಜಾತಿಯ ನಾಯಿ ಒಪ್ಪುತ್ತದೆ? ಚಿತ್ತಣ್ಣನ ಮದುವೆ ಒಂದು ಬಾಯಿ ಎಲೆಅಡಿಕೆ ಮೆಲ್ಲುವಷ್ಟರಲ್ಲಿ ನಿಶ್ಚಯವಾಗಿತ್ತು. ನಾಯಿಯ ವಿಷಯ ಅಷ್ಟು ಸುಲಭಕ್ಕೆ ಮುಗಿಯುವಂತೆ ಕಾಣಲಿಲ್ಲ.

ತೋಟದಲ್ಲಿ ಗುಡ್ಡೆ ಹಾಕಿದ ಕಾಯಿ ಕಳುವಾದದ್ದೇ ನೆಪ. ಕೊಬ್ಬರಿ ಸಾಗಿಸುವ ಗೂಡ್ಸ್ ಆಟೋ ಇಟ್ಟುಕೊಂಡಿರುವ ಮಗ ಜುಂಜೇಶ್, ಜರ್ಮನ್ ಶೆಫರ್ಡ್ ಆಗಬೇಕು ಎಂದ. ಮನೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದ ಸೊಸೆ ವನಿತಾ, ಕೂದಲು ಉದುರದ ನಾಯಿ ಯಾವುದಾದರೂ ಸರಿ ಎಂದಳು. ಹೆಂಡತಿ ಭೀಮಕ್ಕನದು ಒಂದೇ ಷರತ್ತು.

"ರಾಗಿಮುದ್ದೆ ತಿನ್ನೋ ನಾಯಿ ತನ್ನಿ. ಅದುಕ್ಕೇಂತ ಬ್ಯಾರೆ ಅಡುಗೆ ನನ್ ಕೈಲಾಗಕಿಲ್ಲ."

ಚಿತ್ತಣ್ಣ ಗೋಡೆಯ ಮೊಳೆಗೆ ನೇತು ಹಾಕಿದ್ದ ಕಬ್ಬಿಣದ ಮುಳ್ಳಿನ ಕೊರಳಪಟ್ಟಿ ಇಳಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತ.

ಅದು ಮಂದೆ ಕಾಯುತ್ತಿದ್ದ ನಾಯಿ ಮಾಚನ ಪಟ್ಟಿ. ತೋಳವಾಗಲಿ ಚಿರತೆಯಾಗಲಿ ಕತ್ತಿಗೆ ಬಾಯಿ ಹಾಕದಿರಲೆಂದು ಹುಳಿಯಾರಿನ ಕುಲುಮೆಯಲ್ಲಿ ಮಾಡಿಸಿದ್ದು. ಆಗ ಚಿತ್ತಣ್ಣನಿಗೆ ಹಟ್ಟಿ ಇತ್ತು, ಕುರಿಮಂದೆ ಇತ್ತು, ಮಾಚ ಇದ್ದ. ಬೆಳೆ ಕಟಾವಾದ ಮೇಲೆ ಹಟ್ಟಿಯಿಂದ ಹೊರಟರೆ, ಗೊಬ್ಬರಕ್ಕೆಂದು ಕರೆದವರ ತೋಟದಲ್ಲಿ ಮಂದೆ ತಂಗಿಸುತ್ತ, ಅವರು ಅಳೆದ ರಾಗಿ ಬೇಯಿಸಿಕೊಳ್ಳುತ್ತ, ತುರುವೇಕೆರೆ ದಾಟಿ ಮಾಯಸಂದ್ರದವರೆಗೂ ನಡಿಗೆ. ಸಂಜೆ ಮಾಚ ಮಂದೆಯನ್ನು ಒಂದು ಸುತ್ತು ಹಾಕಿ ಬಂದು ಚಿತ್ತಣ್ಣನ ಕಂಬಳಿಯ ಅಂಚಿನ ಮೇಲೆ ಮಲಗಿದ ಎಂದರೆ ಕುರಿ ಎಲ್ಲ ಇವೆ ಎಂದೇ ಅರ್ಥ, ಎಣಿಸುವ ಅಗತ್ಯವಿರಲಿಲ್ಲ. ಮಾಚ ಹೋದ. ಆಮೇಲೆ ಕಾಲಿನ ಮಂಡಿ ಹೋಯಿತು, ಮಂಡಿಯ ಹಿಂದೆ ಕುರಿಗಳೂ ಹೋದವು, ತೋಟ ಬಂತು. ಎಂದೋ ಮಂದೆ ತಂಗಿಸಿದಂಥದೇ ತೋಟಕ್ಕೆ ಈಗ ತಾನೇ ಯಜಮಾನ. ಹೀಗಿರುವಾಗ ಅವನಿಗೆ ಬೇಕಾಗಿದ್ದುದು ಕಾಯಿ ಕಾಯುವ ನಾಯಿಯಲ್ಲ. ಹಿಂದೆ ನಡೆದು ಬರುವ ಇನ್ನೊಬ್ಬ ಮಾಚ.

ತಿಪಟೂರಿನಲ್ಲಿ ನಾಯಿಮರಿ ಮಾರುವ ಅಂಗಡಿಗೆ ಆ ಪಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಹೋದ. ಅಂಗಡಿಯ ಉಜ್ವಲ್ ವಿನಯವಂತ ಹುಡುಗ.

"ಈ ಪಟ್ಟಿಗೆ ತಕ್ಕ ಕತ್ತಿರೋ ನಾಯಿ ಕೊಡಪ್ಪ," ಎಂದ ಚಿತ್ತಣ್ಣ.

ಮುಳ್ಳುಗಳನ್ನು ನೋಡಿ ಉಜ್ವಲ್ ಒಂದು ಹೆಜ್ಜೆ ಹಿಂದೆ ಸರಿದ. "ಹಂಗಲ್ಲ ಯಜಮಾನ್ರೇ. ಮೊದ್ಲು ನಿಮ್ ಲೈಫ್‌ಸ್ಟೈಲ್ ತಿಳ್ಕೋಬೇಕು. ದಿನಾ ಎಷ್ಟು ದೂರ ವಾಕಿಂಗ್ ಮಾಡ್ತೀರಾ?"

"ದಿನಾ ಅಂದ್ರೆ... ಮೇವು ಸಿಕ್ಕಿದ್ರೆ ಕಮ್ಮಿ. ಸಿಗ್ದಿದ್ರೆ ಹೊತ್ತು ಮುಳುಗೋಗಂಟ."

ಉಜ್ವಲನ ಹುಬ್ಬು ಮೇಲೇರಿತು. "ಮನೇಲಿ ನಾಯಿಗೆ ಜಾಗ ಎಷ್ಟೈತೆ?"

"ಮನೆ ಎಲ್ಲಪ್ಪ ಬಂತು? ಬಯಲು."

"ಮನೇಲಿ ಬೇರೆ ಸಾಕುಪ್ರಾಣಿ?"

"ಕುರಿ."

ಜುಂಜೇಶನಿಗೆ ತಡೆಯಲಾಗಲಿಲ್ಲ. "ಅಪ್ಪೋ, ಅವ್ರು ಕೇಳ್ತಿರೋದು ಈಗಿಂದು ಕಣಪ್ಪ! ಸಾರ್, ಕುರಿ ಮಾರಿ ವರ್ಷಗಳಾದ್ವು. ಇವ್ರು ನಡ್ಯೋದು ಮನೆಯಿಂದ ತೋಟದ ಬದಕ್ಕೆ. ಅಲ್ಲೂ ಒಂದ್ ಕಲ್ ಮೇಲೆ ಕೂತು ಎದ್ದು ಬತ್ತಾರೆ."

ಉಜ್ವಲ್ ಇಬ್ಬರ ಮುಖವನ್ನೂ ನೋಡಿದ. "ಇವ್ರು ಹೇಳಿದ್ ಲೆಕ್ಕಕ್ಕೆ ಕುರಿ ಕಾಯೋ ನಾಯಿನೇ ಆಗ್ಬೇಕು. ನೀವು ಹೇಳಿದ್ ಲೆಕ್ಕಕ್ಕೆ ಈ ಪಗ್," ಎಂದು ಮುಖ ಸುಕ್ಕುಗಟ್ಟಿದ, ಉಬ್ಬಸದವರಂತೆ ಉಸಿರಾಡುತ್ತಿದ್ದ ಮರಿಯೊಂದನ್ನು ಎತ್ತಿ ತೋರಿಸಿದ.

ಚಿತ್ತಣ್ಣ ಪಟ್ಟಿಯನ್ನು ಅದರ ಪಕ್ಕ ಹಿಡಿದ. ಮರಿ ಪಟ್ಟಿಯೊಳಗೆ ತೂರಿ ಆಚೆ ಹೋಗುವಂತಿತ್ತು.

"ಇದು ಹುಟ್ಟಿದಾಗ್ಲೇ ಮುದುಕ ಆಗೈತಲ್ಲಪ್ಪ," ಎಂದು ಮೆಟ್ಟಿಲಿಳಿದ.

ಆಟೋದಲ್ಲಿ ಹಿಂದಿರುಗುತ್ತ ಊರು ಹತ್ತಿರ ಬಂದಾಗ ಜುಂಜೇಶನೇ ಸೋತ.

"ಹಟ್ಟಿಗೇ ಹೋಗನ ಬುಡು. ದೊಡ್ಡಣ್ಣ ಮಾವನ ತಾವ ಮರಿ ಅವಂತೆ."

ಹುಳಿಯಾರಿನ ಕಡೆಯ ಆ ಹಟ್ಟಿಯಲ್ಲಿ ಭೀಮಕ್ಕನ ತಮ್ಮ ದೊಡ್ಡಣ್ಣ ಇನ್ನೂ ಕುರಿ ಇಟ್ಟುಕೊಂಡಿದ್ದಾನೆ. ಮರುದಿನ ಭೀಮಕ್ಕನೂ ಆಟೋ ಹತ್ತಿದಳು. ಕುರಿ ಕೂಡುವ ರೊಪ್ಪದ ಬೇಲಿಯ ಬಳಿ ಮರಿಗಳು ಒಂದರ ಮೇಲೊಂದು ಉರುಳಾಡುತ್ತಿದ್ದವು. ಜುಂಜೇಶ್ ಬಗ್ಗಿ ಒಂದನ್ನು ಎತ್ತಿಕೊಳ್ಳಲು ಹೋದ.

"ಏಯ್, ಎತ್ತಬ್ಯಾಡ ಕಣ್ಲಾ!" ಎಂದ ದೊಡ್ಡಣ್ಣ. "ಮರ್ತೋದ್ಯಾ? ನಮ್ಮಲ್ಲಿ ನಾವು ಮರಿ ಆರಿಸ್ಕಳಾದಿಲ್ಲ. ಭಾವ, ನಡಿ. ಆ ಹುಣಸೆಮರದಗಂಟ. ಹಿಂದ್ಕೆ ತಿರುಗಿ ನೋಡಂಗಿಲ್ಲ. ಯಾವುದು ಬತ್ತದೋ ಅದು ನಿಂದು."

ಮಾಚ ಸಿಕ್ಕಿದ್ದೂ ಹೀಗೆಯೇ. ಅವತ್ತು ಚಿತ್ತಣ್ಣ ಮರದವರೆಗೆ ಹೋಗಿ ತಿರುಗುವ ಮೊದಲೇ ಪಾದಕ್ಕೆ ಒದ್ದೆ ಮೂಗು ತಗುಲಿತ್ತು.

ಈಗ ಪಟ್ಟಿಯನ್ನು ಭೀಮಕ್ಕನ ಕೈಗೆ ಕೊಟ್ಟು ಹೊರಟ. ಹಿಂದೆ ಪುಟ್ಟ ಉಗುರುಗಳ ಸದ್ದು ಕೇಳಿಸಿತು, ಎದೆ ಹಿಗ್ಗಿತು. ಹುಣಸೆಮರ ಮಾತ್ರ ಅವತ್ತಿಗಿಂತ ದೂರ ಸರಿದು ನಿಂತಂತಿತ್ತು. ಅರ್ಧ ದಾರಿಯಲ್ಲಿ ಮಂಡಿ ಹಿಡಿಯಿತು. ನಿಂತ. ಮತ್ತೆ ನಡೆದ, ಮತ್ತೆ ನಿಂತ. ನಾಯಿಮರಿಗೆ ಎಲ್ಲ ಗುಣಗಳನ್ನೂ ಕೊಟ್ಟ ದೇವರು ತಾಳ್ಮೆಯೊಂದನ್ನು ಕೊಟ್ಟಿಲ್ಲ. ಉಗುರಿನ ಸದ್ದು ಒಂದು ಬದಿಗೆ ಓಡಿತು, ಇನ್ನೊಂದು ಬದಿಗೆ ಓಡಿತು, ರೊಪ್ಪದ ಕಡೆಗೆ ಹೋಗಿ ಅಡಗಿತು. ತಿರುಗಿ ನೋಡದಿದ್ದರೂ ಅವನಿಗೆ ಗೊತ್ತಾಯಿತು. ದಾರಿಬದಿಯ ಬಂಡೆಯ ಮೇಲೆ ಮೆಲ್ಲನೆ ಕೂತ. ಹಟ್ಟಿಯವರೆಲ್ಲ ನೋಡುತ್ತಿದ್ದರು.

ಆಗ ಪಕ್ಕದಲ್ಲಿ ಯಾರೋ ಉಸ್ಸೆಂದಂತಾಯಿತು. ಕೆಂಚು ಬಣ್ಣದ ಮುದಿನಾಯಿಯೊಂದು ಮುಂಗಾಲು ಎಳೆಯುತ್ತ ಬಂದು, ಇವನತ್ತ ನೋಡದೆಯೇ ಕುಕ್ಕರಿಸಿತು. ಆಮೇಲೆ ಅವನ ಪಂಚೆಯ ಅಂಚಿನ ಮೇಲೆ ತಲೆ ಇಟ್ಟಿತು.

ದೊಡ್ಡಣ್ಣ ಓಡಿ ಬಂದ. "ಅಯ್ಯೋ, ಕೆಂಚ ಕಣ್ ಭಾವ ಅದು. ಕಾಲು ಹೋಗೈತೆ, ಮಂದೆ ಹಿಂದೆ ಹೋಗಕಿಲ್ಲ. ಬಿದ್ಕಂಡಿರ್ತದೆ. ಬುಡು, ಇನ್ನೊಂದ್ ಸಲ ನಡಿ, ಮರಿಗೋಳ ನಾನು ಓಡಿಸ್ತೀನಿ."

"ಯಾವುದು ಬತ್ತದೋ ಅದು ಅಂದೆ ತಾನೆ?"

"ಅಂದೆ. ಅಂದ್ರೆ..."

"ಬಂತಲ್ಲ."

ಜುಂಜೇಶ್ ಕಾಯಿಗಳ್ಳರ ಮಾತೆತ್ತಲು ಬಾಯಿ ತೆರೆದ. ಭೀಮಕ್ಕ ಮಗನನ್ನು ಒಮ್ಮೆ ನೋಡಿದಳು. ಆಮೇಲೆ ಪಟ್ಟಿಯನ್ನು ಕೆಂಚನ ಕತ್ತಿನ ಬಳಿ ಹಿಡಿದು ಅಳತೆ ನೋಡಿದಳು. ಬಡಕಲು ಕತ್ತು, ಪಟ್ಟಿ ತೀರಾ ಸಡಿಲ.

"ಇದುಕ್ಕೆ ಒಪ್ಪಾಕಿಲ್ಲ," ಎಂದಳು. "ನಾಯಿ ನಿಂಗೆ ಒಪ್ತದೆ. ಏಳು, ಹೊತ್ತಾಯ್ತು."

ಪಟ್ಟಿ ಮತ್ತೆ ಮೊಳೆಗೆ ಹೋಯಿತು. ಕೆಂಚನ ಕೂದಲು ಟೈಲ್ಸ್ ಮೇಲೆಲ್ಲ ಉದುರುತ್ತದೆ, ವನಿತಾ ದಿನಕ್ಕೆರಡು ಸಲ ಗುಡಿಸುತ್ತಾಳೆ. ಮುದ್ದೆ ತಿನ್ನುತ್ತದೆ. ಕಾಯಿ ಆಗಾಗ ಕಳುವಾಗುತ್ತವೆ. ಬೆಳಿಗ್ಗೆ ಚಿತ್ತಣ್ಣ ತೋಟದ ಬದುವಿನವರೆಗೆ ನಡೆದು ಕಲ್ಲಿನ ಮೇಲೆ ಕೂರುತ್ತಾನೆ. ನಾಯಿಯೂ ಅಷ್ಟೇ ದೂರ ನಡೆಯುತ್ತದೆ.