ತಡವಾದ ಕೈ

ಕೂತಲ್ಲಿ ಕೂರದ ಅವಳಿಗೆ ಮನೆಯವರು ಗಡಿಬಿಡಿ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೆ ಕುಂದು ಬಾರದಂತೆ ಬದುಕುವ ಜವಾಬ್ದಾರಿಯನ್ನು ಅವಳು ಒಂದು ದಿನವೂ ಮರೆತವಳಲ್ಲ. ಮಾತಾಡುವಾಗ ಒಂದು ಕಾಲು ಅಲ್ಲಾಡುತ್ತಿತ್ತು, ಸುಮ್ಮನಿದ್ದಾಗ ಎರಡೂ.

ಕೆಳಗೆ ಅಮ್ಮನ ಹೊಲಿಗೆ ಅಂಗಡಿ. ಮೇಲಿನ ಕೋಣೆಯಲ್ಲಿ ಅವಳೂ ಅವಳ ಅಣ್ಣನ ಹೆಂಡತಿಯೂ ಸೇರಿ ಮೊಬೈಲ್ ಗೇಮ್ ಕಟ್ಟುತ್ತಿದ್ದರು. ಚಿತ್ರ ಅತ್ತಿಗೆಯದು, ಕೋಡು ಇವಳದು. ಆಟ ಬಹಳ ಸರಳ: ದೋಣಿಯವನೊಬ್ಬ ಜನರನ್ನು ಹೊಳೆ ದಾಟಿಸುತ್ತಾನೆ. ಹುಟ್ಟು ನೀರಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಪರದೆ ಮುಟ್ಟಬೇಕು. ತಪ್ಪಿದರೆ ದೋಣಿ ಬಂಡೆಗೆ ಬಡಿದು 'ನಿಮ್ಮ ಕೈ ತಡವಾಯಿತು' ಎಂದು ಬರುತ್ತದೆ. ಆ ಸಾಲನ್ನು ಗಡಿಬಿಡಿಯೇ ಬರೆದದ್ದು. ಬರೆದು ತಾನೇ ನಕ್ಕಿದ್ದಳು. ಆಟವನ್ನು ಅಮ್ಮನ ಫೋನಿಗೂ ಹಾಕಿಕೊಟ್ಟಿದ್ದಳು.

ಗೇಮ್ ಎಂಜಿನ್ ಆರಿಸಿದವಳೂ ಅವಳೇ. ಬಣ್ಣ, ಬೆಳಕು, ಓಟ ಎಲ್ಲವನ್ನೂ ಹೊತ್ತು ನಡೆಸುವ ಈ ಸಿದ್ಧ ತಂತ್ರಾಂಶಗಳಲ್ಲಿ ಚಿಕ್ಕವೂ ಇವೆ, ದೊಡ್ಡವೂ ಇವೆ. ಅತ್ತಿಗೆ ಕಾಗದ ಕತ್ತರಿಸಿ ಅಂಟಿಸಿದಂತಹ ಚಪ್ಪಟೆ ಚಿತ್ರ ಬರೆಯುವವಳು. ಅವಳಿಗೆ ಚಿಕ್ಕದೇ ಸಾಕಿತ್ತು. "ನಾಲ್ಕು ಚಪ್ಪಲಿ ಇಡೋಕೆ ಗೋದಾಮು ಯಾಕೆ?" ಎಂದು ಕೇಳಿದ್ದಳು. "ದೊಡ್ಡವರೆಲ್ಲ ಇದನ್ನೇ ಬಳಸೋದು ಅತ್ತಿಗೆ, ಮುಂದೆ ಬೇಕಾಗತ್ತೆ" ಎಂದು ಇವಳು ಬಾಯಿ ಮುಚ್ಚಿಸಿದ್ದಳು. ಆ ಮುಂದೆ ಎಂಬುದು ಇನ್ನೂ ಬಂದಿರಲಿಲ್ಲ. ಬರುವುದಿದ್ದುದು ಶುಕ್ರವಾರ, ಆಟ ನೋಡಿ ಒಪ್ಪಿದರೆ ಮಾರುಕಟ್ಟೆಗೆ ತರುವ ಕಂಪನಿಯವನು.

ಬುಧವಾರ ಮಧ್ಯಾಹ್ನ ಗಡಿಬಿಡಿ ನೀರು ಕುಡಿಯಲು ಕೆಳಗಿಳಿದಾಗ, ಅಮ್ಮ ಹೊಲಿದು ಮುಗಿಸಿದ ಕೋಟೊಂದನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಗುಂಡಿ ತೂರಿಸುವ ಕಾಜಾಗಳನ್ನು ಇನ್ನೂ ಹಾಕಿರಲಿಲ್ಲ.

"ಕಾಜಾ ಹಾಕದೆ ಕಳಿಸ್ತಿದ್ದೀಯಾ?"

"ಬೀದಿ ಕೊನೇಲಿ ಆ ಮಿಷಿನ್ ಅಂಗಡಿ ಇದೆಯಲ್ಲ, ಅವಳ ಹತ್ರ ಹಾಕಿಸ್ತೀನಿ."

ಗಡಿಬಿಡಿಯ ಕಾಲು ನಿಂತಿತು. ಕೈಯಲ್ಲಿ ಹಾಕಿದ ಕಾಜಾಕ್ಕೆ ಅಮ್ಮ ಊರಿಗೇ ಹೆಸರಾದವಳು. ಮಿಷಿನ್ ಕಾಜಾ ಎಂದರೆ ಹರಕು ಬಾಯಿ ಎಂದು ಮೂಗು ಮುರಿಯುತ್ತಿದ್ದವಳು.

"ಏನಾಯ್ತಮ್ಮ?"

"ಇನ್ನೇನಾಗ್ಬೇಕು, ಕೈ ತಡವಾಗ್ತಿದೆ. ನಿನ್ನ ಆಟವೇ ಹೇಳ್ತಲ್ಲ. ಎರಡು ಸಲ ದಾಟಿಸ್ತೀನಿ, ಮೂರನೇ ಸಲಕ್ಕೆ ಕೈ ಸೋಲತ್ತೆ. ದಿನಾ ಹಾಗೇ. ನೀನೂ ಹೇಳಿದ್ಯಲ್ಲ, ವಯಸ್ಸಾಯ್ತಮ್ಮ ಅಂತ."

ಹೇಳಿದ್ದು ನಿಜ, ತಮಾಷೆಗೆ. ಅಮ್ಮ ಚೀಲ ಹಿಡಿದು ಚಪ್ಪಲಿ ಮೆಟ್ಟಿ ಹೊರಟೇಹೋದಳು.

ದಿನಾ ಹಾಗೇ ಎಂಬ ಮಾತು ಗಡಿಬಿಡಿಯನ್ನು ಕುಟುಕಿತು. ಮುಪ್ಪು ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಯಂತ್ರದ ದೋಷ ಬರುತ್ತದೆ. ಇಸ್ತ್ರಿ ಮೇಜಿನ ಪಕ್ಕದ ಅಮ್ಮನ ಸ್ಟೂಲಿನ ಮೇಲೆ ಕೂತು, ಅಮ್ಮ ಅಲ್ಲೇ ಬಿಟ್ಟುಹೋಗಿದ್ದ ಫೋನಿನಲ್ಲೇ ಆಡಿದಳು. ಎರಡು ಸಲ ದೋಣಿ ಸಲೀಸಾಗಿ ಹೊಳೆ ದಾಟಿತು. ಮೂರನೇ ಸಲ ಪರದೆಯ ನೀರು ತಡೆತಡೆದು ತೊದಲತೊಡಗಿತು. ಹುಟ್ಟು ತಾಗಿದ್ದು ಕಂಡು ಮುಟ್ಟಿದಳು. ದೋಣಿ ಬಂಡೆಗೆ ಬಡಿಯಿತು. ನಿಮ್ಮ ಕೈ ತಡವಾಯಿತು. ಮತ್ತೊಮ್ಮೆ ಆಡಿದಳು. ಮತ್ತದೇ ಬುದ್ಧಿವಾದ, ತಾನೇ ಬರೆದ ಸಾಲಿನಿಂದ ತಾನೇ ಬೈಸಿಕೊಂಡ ಹಾಗೆ.

ಫೋನು ಈಗಷ್ಟೇ ಇಸ್ತ್ರಿ ಹಾಕಿದ ಕಾಲರಿನಂತೆ ಬಿಸಿಯಾಗಿತ್ತು. ಅದಕ್ಕೆ ಅಮ್ಮ ತಾನೇ ಹತ್ತಿ ತುಂಬಿ ಹೊಲಿದ ದಪ್ಪ ಕವರು ತೊಡಿಸಿದ್ದಳು. ಮೇಲಿನ ಕೋಣೆಯಲ್ಲಿ ಪರೀಕ್ಷೆ ಮಾಡುವಾಗ ಕೇಬಲ್ ಕೂರುವುದಿಲ್ಲವೆಂದು ಎಲ್ಲ ಫೋನುಗಳ ಕವರು ಬಿಚ್ಚುತ್ತಿದ್ದರು. ಕಂಪ್ಯೂಟರಿಗೆಂದು ಹಾಕಿಸಿದ ಏಸಿ ನೇರವಾಗಿ ಅದೇ ಮೇಜಿನ ಮೇಲೆ ಬೀಸುತ್ತಿತ್ತು. ಅಲ್ಲಿ ಯಾವ ಫೋನಿಗೂ ಬೆವರಲು ಅವಕಾಶವೇ ಸಿಕ್ಕಿರಲಿಲ್ಲ.

ಒಂದೊಂದು ಮೆಟ್ಟಿಲು ಬಿಟ್ಟು ಮೇಲೆ ಹತ್ತಿದವಳು ಉಸಿರುಬಿಡದೆ ಅಂದಳು: "ಅತ್ತಿಗೆ, ಅಮ್ಮ ವಯಸ್ಸಾಗಿ ಕೈ ಸೋತಿದೆ ಅಂದ್ಕೊಂಡಿದ್ದಾಳೆ, ಆದ್ರೆ ಕವರಿಂದ ಫೋನ್ ಕಾಯ್ತಿದೆ. ಕಾದರೆ ಫೋನೇ ತನ್ನ ವೇಗ ಇಳಿಸತ್ತೆ. ಕವರ್ ತೆಗೆದು ಆಡಿ ಅಂತ ಹೇಳಿದ್ರೆ—"

"ಹೇಳು. ಮನೆಮನೆಗೆ ಹೋಗಿ ನೀನೇ ಬಿಚ್ಚಿ ಬಾ." ಅತ್ತಿಗೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕಾಯಿಸ್ತಿರೋದು ಯಾರು ಅದನ್ನ ಹೇಳು ಮೊದಲು."

ಗಡಿಬಿಡಿಗೆ ಉತ್ತರ ಗೊತ್ತಿತ್ತು. ನೆರಳೇ ಬೀಳದ ಚಪ್ಪಟೆ ದೋಣಿಗೆ ಪ್ರತಿ ಚಿತ್ರದಲ್ಲೂ ನೆರಳಿನ ಲೆಕ್ಕ ಹಾಕುತ್ತಾ ಕೂತಿತ್ತು ಆ ದೊಡ್ಡ ಎಂಜಿನ್. ಬೇಡದ್ದನ್ನು ಒಂದೊಂದಾಗಿ ಆಫ್ ಮಾಡುತ್ತ ಹೋದಳು. ಬೆಳಕು ಆರಿಸಿದಳು, ಮಂಜು ಆರಿಸಿದಳು. ಏಸಿಯನ್ನೂ ಆರಿಸಿ, ಕವರು ತೊಡಿಸಿದ ಫೋನಿನಲ್ಲಿ ಆಡಿದಳು. ಈಗ ತೊದಲಿದ್ದು ಐದನೇ ಸಲಕ್ಕೆ. ತೊದಲಿದ್ದಂತೂ ಹೌದು.

"ಶುಕ್ರವಾರದವನು ಏಸಿ ಕೋಣೇಲೇ ಆಡ್ತಾನೆ," ಎಂದಳು, ತನಗೇ ಹೇಳಿಕೊಂಡಂತೆ. "ಅವನಿಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ," ಅತ್ತಿಗೆ ಒಪ್ಪಿದಳು. "ಆಮೇಲೆ ಸಾವಿರಾರು ಜನಕ್ಕೆ ವಯಸ್ಸಾಗತ್ತೆ, ಅಷ್ಟೇ."

ಗಡಿಬಿಡಿ ಕಿಟಕಿಗೂ ಬಾಗಿಲಿಗೂ ನಾಲ್ಕಾರು ಸಲ ಓಡಾಡಿ, ಕೊನೆಗೆ ಕಂಪನಿಯವನಿಗೆ ಫೋನು ಮಾಡಿದಳು. ಶುಕ್ರವಾರ ಬೇಡ, ಎಂಜಿನ್ ಬದಲಿಸುತ್ತಿದ್ದೇವೆ, ಎರಡು ತಿಂಗಳು ಬೇಕು. ಆ ಕಡೆಯವನು ಆಗ ನೋಡೋಣ ಎಂದ, ಕಾಯುತ್ತೇವೆ ಎನ್ನಲಿಲ್ಲ. ಆ ವ್ಯತ್ಯಾಸ ಅವಳ ಕಿವಿಗೆ ಬಿತ್ತು. ಅತ್ತಿಗೆ ಚಿಕ್ಕ ಎಂಜಿನ್ನನ್ನು ಡೌನ್‌ಲೋಡಿಗೆ ಹಾಕಿದಳು. ಹೇಳಿದ್ನೋ ಇಲ್ವೋ ಎಂಬ ಮಾತನ್ನು ಅವಳು ಊಟದ ಹೊತ್ತಿಗೆಂದು ತೆಗೆದಿರಿಸಿದಂತಿತ್ತು.

ಅಮ್ಮ ಬರಿಗೈಯಲ್ಲಿ ವಾಪಸು ಬಂದಾಗ ಗಡಿಬಿಡಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮ, ತಡವಾಗಿದ್ದು ನಿನ್ನ ಕೈಯಲ್ಲ. ನನ್ನ ಆಟ. ನೀನು ಸರಿಯಾಗೇ ಮುಟ್ತಿದ್ದೆ, ಅದಕ್ಕೆ ತಿಳೀತಿದ್ದದ್ದು ನಿಧಾನವಾಗಿ."

ಅಮ್ಮ ಮಗಳ ಮುಖವನ್ನೇ ನೋಡಿದಳು. "ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನಾನು ಆಡಿದ್ರೂ ಮೂರನೇ ಸಲ ಮುಳುಗ್ತೀನಿ. ಬೇಕಾದ್ರೆ ನೋಡು."

"ಅಂದ್ರೆ ನಿಮ್ಮ ಆಟ ಸುಸ್ತಾದ್ರೆ ತಪ್ಪು ನನ್ನ ಕೈ ಮೇಲೆ ಹಾಕತ್ತಾ ಅದು? ಯಾರು ಬರೆದಿದ್ದು ಆ ಸಾಲು?"

ಗಡಿಬಿಡಿ ಉತ್ತರಿಸುವ ಮೊದಲೇ ಅಮ್ಮ ಮತ್ತೆ ಚಪ್ಪಲಿ ಮೆಟ್ಟಿದ್ದಳು. "ಅಯ್ಯೋ, ಆ ಅಂಗಡಿಯವಳು ಕೋಟನ್ನ ಮಿಷಿನ್‌ಗೆ ಹಾಕಿಬಿಟ್ಟಿರ್ತಾಳೆ ಕಣೇ!"

ಅವಳು ಬೀದಿಯಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಹೋದಳು. ಸಂಜೆ ಇಸ್ತ್ರಿ ಮೇಜಿನ ಪಕ್ಕದಲ್ಲಿ ಕೋಟು ಅಮ್ಮನ ತೊಡೆಯ ಮೇಲಿತ್ತು. ಒಂದು ಕಾಜಾ ಆಗಲೇ ಮಿಷಿನ್ನಿನ ಪಾಲಾಗಿತ್ತು. ಅಮ್ಮ ಅದರ ದಾರವನ್ನು ಸೂಜಿಯಿಂದ ಎಳೆಎಳೆಯಾಗಿ ಬಿಚ್ಚುತ್ತಿದ್ದಳು. ಮೇಲಿನ ಕೋಣೆಯಲ್ಲಿ ಗಡಿಬಿಡಿಯ ಎರಡೂ ಕಾಲು ಅಲ್ಲಾಡುತ್ತಿರುವ ಸದ್ದು ಕೆಳಗಿನ ತನಕ ಕೇಳಿಸುತ್ತಿತ್ತು.

"ಏ ಗಡಿಬಿಡಿ," ಅಮ್ಮ ತಲೆಯೆತ್ತದೆ ಕೂಗಿದಳು, "ಹೊಸದು ಆದಮೇಲೆ ಮೊದಲು ನಂಗೇ ಕೊಡು. ಕವರ್ ಮಾತ್ರ ಬಿಚ್ಚಲ್ಲ, ಈಗಲೇ ಹೇಳಿದ್ದೀನಿ."