ಗುಂಡಯ್ಯನವರ ಟವೆಲ್ಲು

ನಮ್ಮ ಕಡೆ ಹೆಣ್ಣುಮಕ್ಕಳಿಗಿಂತ ಟವೆಲ್ಲಿಗೆ ಮರ್ಯಾದೆ ಹೆಚ್ಚು. ಇದು ನನಗೆ ಚೆನ್ನಾಗಿ ಅರ್ಥವಾದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ. ಆಗಷ್ಟೇ ಬಿ.ಎ. ಮುಗಿಸಿ, ತುಮಕೂರಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಬೆಳಿಗ್ಗೆ ಗುಬ್ಬಿಯಿಂದ ಹೋಗುವುದು, ಸಂಜೆ ಗುಬ್ಬಿಗೆ ಬರುವುದು.

ಸಂಜೆ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದ ಹಾಗೇ ಜನ ಅದರ ಪಕ್ಕದಲ್ಲಿ ಓಡಲು ಶುರು ಮಾಡುತ್ತಿದ್ದರು. ಕಿಟಕಿಯೊಳಗೆ ಟವೆಲ್ಲು, ಕರ್ಚೀಫು, ಕೊಡೆ, ತರಕಾರಿ ಚೀಲ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಎಸೆದದ್ದು ಎಲ್ಲಿ ಬಿತ್ತೋ ಆ ಸೀಟು ಎಸೆದವರದು. ಒಬ್ಬಾಕೆ ಕೈಗೂಸನ್ನೇ ಕಿಟಕಿಯಿಂದ ಒಳಗೆ ಕೂರಿಸಿ, ಆಮೇಲೆ ನಿಧಾನವಾಗಿ ಬಾಗಿಲ ಕಡೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೂಸು ಕಿರುಚಿಕೊಂಡಿತು, ಸೀಟು ಉಳಿಯಿತು. ಬಸುರಿ ಹೆಂಗಸು ಕಂಬಿ ಹಿಡಿದು ಜೋಲಾಡುತ್ತಿದ್ದರೂ ಅವಳ ಪಕ್ಕದಲ್ಲೇ ಒಂದು ಹರಕು ಟವೆಲ್ಲು ಆರಾಮಾಗಿ ಕೂತಿರುತ್ತಿತ್ತು. ಅದನ್ನು ಎತ್ತುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಇಂಥ ಜನ ಇವರು.

ಈ ಟವೆಲ್ಲುಗಳ ರಾಜ ನಮ್ಮ ಬೀದಿಯ ಗುಂಡಯ್ಯನವರ ಟವೆಲ್ಲು. ಗುಂಡಯ್ಯನವರು ತುಮಕೂರಿನ ಸರ್ಕಾರಿ ಆಫೀಸೊಂದರಲ್ಲಿ ಹೆಡ್ ಕ್ಲರ್ಕು. ಕೆಂಪು ಅಂಚಿನ ದೊಡ್ಡ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದರು. ಗುಬ್ಬಿ ಬಸ್ಸು ನಿಲ್ಲುತ್ತಿದ್ದದ್ದು ಅಲ್ಲೇ. ಬಸ್ಸಿನ ಹಿಂದೆ ಓಡುವುದು ಅವರ ಅಂತಸ್ತಿಗೆ ಕಡಿಮೆ. ಬಸ್ಸು ತಾನಾಗಿ ಅವರ ಮುಂದೆ ಬಂದು ನಿಲ್ಲಬೇಕು, ಜನ ಪಕ್ಕಕ್ಕೆ ಸರಿಯಬೇಕು, ಆಗ ಇವರು ತಲೆ ಎತ್ತದೆ ಟವೆಲ್ಲನ್ನು ಕಿಟಕಿಯೊಳಗೆ ಹಾಸಿದ ಹಾಗೆ ಎಸೆಯುತ್ತಿದ್ದರು. ಅದು ಎರಡು ಸೀಟನ್ನು ಮುಚ್ಚುತ್ತಿತ್ತು. ಆಮೇಲೆ ಎಲೆ ಅಡಿಕೆ ಹಾಕಿಕೊಳ್ಳಲು ಬೀಡಾ ಅಂಗಡಿಗೆ ಹೊರಟುಬಿಡುತ್ತಿದ್ದರು.

ಆ ಎರಡನೇ ಸೀಟು ನನ್ನದು. ನಾನು ಕೇಳಿಕೊಂಡದ್ದಲ್ಲ, ಅಪ್ಪ ಕೊರಳಿಗೆ ಕಟ್ಟಿದ್ದು. ಅಪ್ಪ ಗಂಗಹನುಮಯ್ಯ ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಬೆಲ್ಟು ಬಿಚ್ಚಿಕೊಂಡು ಹೊಡೆದರೂ ಹೆದರದವನು, ಪ್ಯಾಂಟು ಹಾಕಿದವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ನನ್ನನ್ನು ಕೆಲಸಕ್ಕೆ ಕಳಿಸುವ ಮೊದಲು ಗುಂಡಯ್ಯನವರ ಮುಂದೆ ಕೈ ಕಟ್ಟಿ ನಿಂತು, “ಹುಡುಗಿ ನಿಮ್ ಜವಾಬ್ದಾರಿ ಸಾಮಿ. ನಿಮ್ ಜೊತೆ ಹೋಗಿ ನಿಮ್ ಜೊತೇಲಿ ಬರ್ಲಿ” ಎಂದ. ಗುಂಡಯ್ಯನವರು ಕಣ್ಣು ಮುಚ್ಚಿ ತಲೆಯಾಡಿಸಿದರು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಒಪ್ಪಿಕೊಂಡವರ ಹಾಗಿತ್ತು ಮುಖ.

ಅಂದಿನಿಂದ ಕಿಟಕಿಯ ಪಕ್ಕ ಅವರು, ಅವರ ಮೈ ಮುಗಿದ ಮೇಲೆ ಉಳಿದ ಅಂಚಿನಲ್ಲಿ ನಾನು. ಬಸ್ಸು ಹೊರಡುವ ಮೊದಲೇ ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡು ನಿದ್ದೆ. ಕಂಡಕ್ಟರು ಬಂದರೆ ಕಣ್ಣು ಬಿಡದೆ, ಒಳಗಿನಿಂದಲೇ “ಪಾಸು” ಎನ್ನುವರು. ಹೀಗೆ ಗೊರಕೆ ಹೊಡೆಯುತ್ತ ನನ್ನ ಮಾನ ಕಾಯುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಕಾಫಿ ಕುಡಿದು, ವಾರದ ವರದಿ ಒಪ್ಪಿಸುತ್ತಿದ್ದರು. “ಹುಡುಗಿ ವಸಿ ನಗು ಜಾಸ್ತಿ.” “ಕಂಡಕ್ಟರ್ ಕೇಳಿದ್ ಮಾತಿಗೆಲ್ಲ ಉತ್ತರ ಕೊಡ್ತಾಳೆ.” ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಫೀಸಿನ ಸುಖವೂ ಅಷ್ಟರಲ್ಲೇ ಇತ್ತು. ನಮ್ಮ ವಕೀಲರು ಸ್ಕೂಟರಿನ ಕೀಲಿಯನ್ನು ಕಿವಿಗೆ ಹಾಕಿ ತಿರುಗಿಸುತ್ತಾ ಡಿಕ್ಟೇಷನ್ ಕೊಡುತ್ತಿದ್ದರು. ಪುಟ ಮುಗಿದ ಮೇಲೆ, ಕೀಲಿಯ ತುದಿಯನ್ನು ನೋಡಿಕೊಂಡು, “ಮೊದಲ ಪ್ಯಾರಾ ಬೇಡ” ಎನ್ನುತ್ತಿದ್ದರು. ಕಾರ್ಬನ್ನು ಸಮೇತ ಮತ್ತೆ ಹೊಡೆಯಬೇಕು. ವರ್ಷವಾದರೂ ನನ್ನ ಹೆಸರು ಉಮಾಮಹೇಶ್ವರಿ ಎಂದು ಅವರಿಗೆ ಗೊತ್ತಿರಲಿಲ್ಲ. “ಏಯ್, ಟೈಪು” ಎಂದು ಕರೆಯುತ್ತಿದ್ದರು. ಮಷಿನ್ನಿಗೂ ಅದೇ ಹೆಸರು.

ಇಷ್ಟೆಲ್ಲದರ ನಡುವೆ ನನ್ನದು ಅಂತ ಇದ್ದದ್ದು ಸಂಜೆಯ ಸ್ವಲ್ಪ ಹೊತ್ತು. ಆಫೀಸು ಬಿಟ್ಟ ಮೇಲೆ ಬಸ್ಸು ಹೊರಡುವವರೆಗೆ ಒಂದು ಅರ್ಧ ಗಂಟೆ ಸಿಗುತ್ತಿತ್ತು. ಸ್ಟ್ಯಾಂಡಿನ ಎದುರಿಗೆ ಒಂದು ಹೋಟೆಲು. ಒಳಗೆ ಹಸಿರು ಪರದೆ ಕಟ್ಟಿದ ಫ್ಯಾಮಿಲಿ ರೂಮು. ಮೊದಲ ಸಲ ಹೋದಾಗ ಸಪ್ಲೈಯರ್ ಸಿದ್ದಯ್ಯ ನನ್ನ ಹಿಂದೆ ಬಗ್ಗಿ ನೋಡಿದ.

“ಯಜಮಾನ್ರು ಬರ್ತಾವ್ರಾ?”

“ಯಾರೂ ಬರಲ್ಲ. ನಾನೊಬ್ಳೇ.”

“ಒಬ್ರೇ ಆದ್ರೆ ಫ್ಯಾಮಿಲಿ ಹೆಂಗಾಯ್ತದೆ ಕಣವ್ವಾ?”

“ಹಂಗಾರೆ ಹೊರಗಡೆ ಆ ಬೀಡಿ ಹೊಗೆ ಮಧ್ಯೆ ಕೂತ್ಕೊಳ್ಲಾ?”

ಸಿದ್ದಯ್ಯ ತಲೆ ಕೆರೆದುಕೊಂಡು ಪರದೆ ಸರಿಸಿದ. ಆಮೇಲೆ ಕೇಳಲಿಲ್ಲ. ಒಂದು ಖಾಲಿ ದೋಸೆ, ಒಂದು ಕಾಫಿ. ಕಾಲಿನ ಚಪ್ಪಲಿ ಬಿಟ್ಟು, ಎದುರಿನ ಕುರ್ಚಿಯ ಮೇಲೆ ಪಾದ ಇಟ್ಟುಕೊಂಡು ಕೂರುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ಟೈಪು ಎನ್ನುತ್ತಿರಲಿಲ್ಲ, ಹುಡುಗಿ ಎನ್ನುತ್ತಿರಲಿಲ್ಲ. ದೋಸೆಯನ್ನು ಬಹಳ ನಿಧಾನವಾಗಿ ತಿನ್ನುತ್ತಿದ್ದೆ. ಆ ಹಸಿರು ಪರದೆಯೊಳಗೆ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ.

ಇದು ಗುಂಡಯ್ಯನವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಸಂಜೆ ಬಾಯಿ ಒರೆಸಿಕೊಳ್ಳುತ್ತಾ ಹೋಟೆಲಿನಿಂದ ಹೊರಗೆ ಬಂದಾಗ ಬೀಡಾ ಅಂಗಡಿಯ ಮುಂದೆ ನಿಂತಿದ್ದರು. ಏನೂ ಮಾತಾಡಲಿಲ್ಲ. ಭಾನುವಾರ ಮಾತಾಡಿದರು.

“ನೋಡಪ್ಪಾ ಗಂಗಹನುಮಯ್ಯ, ಹೋಟ್ಲಲ್ಲಿ, ಪರದೆ ಹಿಂದೆ ಕೂತ್ಕೊತಾಳೆ. ಒಳಗೆ ಯಾರವ್ರೋ ಯಾರಿಲ್ವೋ ನಾನೇನ್ ಕಂಡಿದೀನಾ. ಕಂಡಿದ್ದಷ್ಟೇ ಹೇಳ್ದೆ.”

ಅಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅವರು ಹೋದ ಮೇಲೆ ಗೋಡೆಯ ಕಡೆ ನೋಡಿಕೊಂಡು, “ಆಫೀಸ್ ಬುಟ್ಟೇಟ್ಗೆ ಸೀದಾ ಮರದ್ ತಾವ್ಕೆ ಹೋಗ್ಬೇಕು. ಅವರ ಜೊತೇಲೇ ಬರ್ಬೇಕು. ಇನ್ನೊಂದ್ ಸಲ ಇಂಥ ಮಾತು ಬಂದ್ರೆ ಕೆಲ್ಸ ಬುಟ್ಬುಡು” ಎಂದ. ಅವ್ವ ನರಸಮ್ಮ ಮಾತ್ರ, “ದೋಸೆ ತಿನ್ನಕ್ಕೂ ಜೊತೆಗೊಬ್ಬ ಬೇಕೇನಪ್ಪಾ” ಎಂದು ಒಲೆಯ ಮುಂದೆ ಗೊಣಗಿದಳು. ಅಪ್ಪ ಕೇಳಿಸದವನ ಹಾಗೆ ಗಿರಣಿಗೆ ಹೋದ.

ಅಲ್ಲಿಗೆ ನನ್ನ ಅರ್ಧ ಗಂಟೆ ಹೋಯಿತು. ಆಫೀಸಿನಿಂದ ನೇರವಾಗಿ ಬೇವಿನ ಮರದ ಕೆಳಗೆ ಬಂದು, ಗುಂಡಯ್ಯನವರ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ನಿಲ್ಲುವ ಕೆಲಸ. ಎದುರಿಗೆ ಹೋಟೆಲು. ಬಾಗಿಲಲ್ಲಿ ಸಿದ್ದಯ್ಯ ನನ್ನನ್ನು ನೋಡಿ, ಇವರನ್ನು ನೋಡಿ, ಒಳಗೆ ಹೋಗುತ್ತಿದ್ದ. ಹೀಗೇ ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕುತ್ತಿದ್ದೆ. ಕೆಲಸ ಬಿಟ್ಟರೆ ಮನೆ, ಬಿಡದಿದ್ದರೆ ಈ ಮನುಷ್ಯ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಅವತ್ತು ಗುಬ್ಬಿಯ ಬಸ್ಸು ಪಂಕ್ಚರ್ ಆಗಿ ಸ್ಟ್ಯಾಂಡಿನ ಹೊರಗೇ ನಿಂತುಬಿಟ್ಟಿತ್ತು. ಅದು ನಿಲ್ಲುವ ಜಾಗ ಖಾಲಿ ಕಂಡು, ಅದೇ ಕಂಪನಿಯ, ಅದೇ ಬಣ್ಣದ ಇನ್ನೊಂದು ಬಸ್ಸು ಬಂದು ಬೇವಿನ ಮರದ ಕೆಳಗೆ ನಿಂತಿತು. ಗುಂಡಯ್ಯನವರು ತಲೆ ಎತ್ತದೆ ಟವೆಲ್ಲು ಎಸೆದರು. ಎಸೆದು ಬೀಡಾ ಅಂಗಡಿಗೆ ಹೋದರು. ನಾನು ಬೋರ್ಡು ನೋಡಿದೆ. ಕುಣಿಗಲ್ ಎಂದಿತ್ತು.

ಅವರು ಬಾಯಿ ತುಂಬ ಎಲೆ ತುಂಬಿಕೊಂಡು ವಾಪಸ್ಸು ಬಂದಾಗ ಹೇಳಿದೆ. ಹೇಳಲಿಲ್ಲ ಎಂದು ಯಾರೂ ಅನ್ನಬಾರದು.

“ಸಾರ್, ಬೋರ್ಡ್ ನೋಡಿ. ಇದು ಕುಣಿಗಲ್ ಬಸ್ಸು.”

ಅವರು ಬೋರ್ಡು ನೋಡಲಿಲ್ಲ, ನನ್ನನ್ನು ನೋಡಿದರು. ನೊಣ ನೋಡಿದ ಹಾಗೆ ನೋಡಿದರು. ಪಿಚಕ್ಕನೆ ಉಗಿದು, “ನೀನ್ ಲಂಗ ಹಾಕೋಕ್ ಮುಂಚಿಂದ ಈ ಮರದ್ ಕೆಳಗೆ ಬಸ್ ಹತ್ತಾ ಇದೀನಿ. ಬೋರ್ಡ್ ಬದ್ಲಾಯ್ಸೋದ್ ಮರ್ತವ್ನೆ, ಅಷ್ಟೇಯ. ನಂಗೆ ಬಸ್ ತೋರ್ಸಕ್ ಬರ್ಬೇಡ. ಹತ್ತು” ಎಂದರು. ಅಕ್ಕಪಕ್ಕದವರು ನಕ್ಕರು. ಅವರೆಲ್ಲ ಕುಣಿಗಲ್‌ಗೆ ಹೋಗುವವರೇ ಇರಬೇಕು, ಆದರೂ ಹೆಡ್ ಕ್ಲರ್ಕಿಗೆ ಹೇಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಹತ್ತಿದೆ. ಅವರು ಕಿಟಕಿಯ ಪಕ್ಕ ಕೂತು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡರು. ನಾನು ಅಂಚಿನಲ್ಲಿ ಕೂತೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, “ಹೆಬ್ಬೂರ್, ಕುಣಿಗಲ್, ಹೆಬ್ಬೂರ್, ಕುಣಿಗಲ್” ಎಂದು ಕೂಗಿದ. ಟವೆಲ್ಲಿನ ಕೆಳಗಿನಿಂದ ಗೊರಕೆ ಕೇಳಿಸಿತು. ಎಬ್ಬಿಸಬಹುದಿತ್ತು. ಆದರೆ ಒಂದು ಸಲ ಹೇಳಿ ಆಗಿತ್ತು, ಎರಡು ಸಲ ಹೇಳಿಸಿಕೊಳ್ಳುವ ಯೋಗ್ಯತೆ ಆ ಮನುಷ್ಯನಿಗಿದೆ ಎಂದು ನನಗೆ ಅನ್ನಿಸಲಿಲ್ಲ. ಟಿಫಿನ್ ಕ್ಯಾರಿಯರನ್ನು ಅವರ ಕಾಲ ಬಳಿ ಇಟ್ಟು ಇಳಿದುಬಿಟ್ಟೆ. ಬಸ್ಸು ಹೊರಟಿತು.

ನಾನು ಸೀದಾ ಹಸಿರು ಪರದೆಯೊಳಗೆ ಹೋದೆ. ಸಿದ್ದಯ್ಯ ಕೇಳದೆಯೇ ಖಾಲಿ ದೋಸೆ ತಂದಿಟ್ಟ. ಗುಬ್ಬಿ ಬಸ್ಸಿನ ಪಂಕ್ಚರ್ ಹಾಕಿ ಮುಗಿಸುವಷ್ಟರಲ್ಲಿ ಎರಡು ಕಾಫಿ ಕುಡಿದಿದ್ದೆ. ಊರು ಸೇರಿದಾಗ ದೀಪ ಹಚ್ಚಿದ್ದರು. ಅಪ್ಪ ಜಗುಲಿಯ ಮೇಲೆ ನಿಂತಿದ್ದ.

“ಗುಂಡಯ್ಯನೋರು ಎಲ್ಲವ್ವಾ?”

“ಕುಣಿಗಲ್ ಬಸ್ ಹತ್ತಿದ್ರು.”

“ಯಾಕೆ?”

“ಅವರ್ನೇ ಕೇಳಪ್ಪ.”

ಅಪ್ಪನ ಮುಖ ನೋಡಿ ನನಗೆ ಭಯವಾಯಿತು. ಬೆಳಿಗ್ಗೆ ಕೆಲಸಕ್ಕೆ ಕಳಿಸಲಿಲ್ಲ. ಇನ್ನು ಮುಗಿಯಿತು ಎಂದುಕೊಂಡೆ. ಟೈಪು ಹೋದರೆ ಇನ್ನೊಬ್ಬ ಟೈಪು ಬರುತ್ತಾಳೆ, ವಕೀಲರಿಗೆ ಹೆಸರು ಕಲಿಯುವ ಕಷ್ಟವೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಂಡಯ್ಯನವರು ಬಂದರು. ಗಡ್ಡ ಬೋಳಿಸಿರಲಿಲ್ಲ, ಹೆಗಲ ಮೇಲೆ ಟವೆಲ್ಲಿರಲಿಲ್ಲ. ಕುಣಿಗಲ್‌ನಲ್ಲಿ ಕ್ಲೀನರು ಬಸ್ಸಿನ ತಗಡು ಬಡಿದು ಎಬ್ಬಿಸಿದ ಗಾಬರಿಯಲ್ಲಿ ಅದನ್ನು ಅಲ್ಲೇ ಬಿಟ್ಟು ಇಳಿದಿದ್ದರಂತೆ. ದಾರಿಯಲ್ಲಿ ಕಂಡಕ್ಟರಿಗೆ ಗತ್ತಿನಿಂದ “ಪಾಸು” ಎಂದಿದ್ದರಂತೆ, ಅವನು ಯಾರೋ ದೊಡ್ಡ ಆಫೀಸರು ಎಂದು ಸುಮ್ಮನಾದನಂತೆ. ಇದೆಲ್ಲ ನಮಗೆ ಆಮೇಲೆ ಅವರ ಹೆಂಡತಿ ಮಹಾಲಕ್ಷ್ಮಮ್ಮನಿಂದ ತಿಳಿದದ್ದು. ಅವತ್ತು ಅವರು ಹೇಳಿದ್ದೇ ಬೇರೆ. ಬಸ್ ತಪ್ಪಿ ಹತ್ತಿದೆ ಎಂದು ಒಂದು ಮಾತು ಹೇಳಿದ್ದರೆ ಅಪ್ಪ ನಗುತ್ತಿದ್ದ, ನಾಳೆಯಿಂದ ಮತ್ತೆ ಅದೇ ಮರ, ಅದೇ ಟವೆಲ್ಲು. ಆದರೆ ಹೆಡ್ ಕ್ಲರ್ಕು ಬಸ್ ತಪ್ಪಿ ಹತ್ತುವುದುಂಟೇ?

“ಕುಣಿಗಲ್‌ನಲ್ಲಿ ನಮ್ಮಕ್ಕಂಗೆ ಮೈ ಹುಷಾರಿರ್ಲಿಲ್ಲ. ಅರ್ಜೆಂಟಾಗಿ ಹೋಗ್ಬೇಕಾಯ್ತು” ಎಂದರು.

ಅಪ್ಪ ಕೈ ಕಟ್ಟಿಕೊಂಡಿರಲಿಲ್ಲ. ಮೊದಲ ಸಲ ನೋಡಿದೆ, ಕೈಗಳು ಸುಮ್ಮನೆ ಕೆಳಗೆ ಇಳಿಬಿದ್ದಿದ್ದವು. “ಹುಡುಗೀನ ಸ್ಟ್ಯಾಂಡಲ್ಲಿ ಒಬ್ಳನ್ನೇ ಬುಟ್ಟು?” ಎಂದು ಕೇಳಿದ.

“ನಾನೇ ಹೇಳಿದ್ನಲ್ಲಾ, ಹಿಂದಿನ್ ಬಸ್ಸಿಗೆ ಹೋಗು ಅಂತ.” ನನ್ನ ಕಡೆ ಒಂದು ನೋಟ ಬಂತು. ಕಣ್ಣಿನಲ್ಲಿ ಬೇಡಿಕೊಳ್ಳುವುದು ಕಂಡಿತು. ನಾನು ಸೆರಗಿನ ಅಂಚು ಮಡಿಸುತ್ತಾ ನಿಂತೆ.

“ಒಬ್ಳೇ ಹೋಗ್ಬೌದು ಅಂತ ನೀವೇ ಹೇಳಿದ್ರಾ ಸಾಮಿ?”

“ಹೂಂ. ಹೋಗ್ಬೌದಪ್ಪ. ಓದಿದ್ ಹುಡುಗಿ. ಒಬ್ಳೇ ಓಡಾಡ್ಬೌದು, ಅದ್ರಲ್ಲೇನು.”

“ಹಂಗಾರೆ ಸರಿ” ಎಂದ ಅಪ್ಪ. ಅವ್ವ ಕಾಫಿ ತರಲಿಲ್ಲ. ಗುಂಡಯ್ಯನವರು ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲು ನೋಡಿ ಎದ್ದು ಹೋದರು.

ಮಾರನೇ ದಿನ ಬೆಳಿಗ್ಗೆ ನಾನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಬಂದ. ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ಒದರಿದ. ಎಷ್ಟು ಒದರಿದರೂ ಗಿರಣಿಯ ರಾಗಿ ಹಿಟ್ಟು ಅದರಿಂದ ಹೋಗುವುದಿಲ್ಲ. ಮಡಿಸಿ ನನ್ನ ಚೀಲದೊಳಗೆ ತುರುಕಿದ.

“ಯಾಕಪ್ಪಾ?”

“ಸೀಟಿಗೆ ಬೇಕಾಯ್ತದಲ್ಲ” ಎಂದು, ನನ್ನ ಮುಖ ನೋಡದೆ ಗಿರಣಿಗೆ ಹೊರಟ. ಬಾಗಿಲಾಚೆ ನಿಂತು, “ದೋಸೆ ತಿಂದ್ಕಂಡೇ ಬಾ” ಎಂದ. ನನಗೆ ಅಳು ಬಂತು. ಅಪ್ಪನ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಂಜೆ ಬಸ್ಸಿನ ಜೊತೆ ಓಡಿದೆ. ಬೋರ್ಡು ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಟವೆಲ್ಲು ಎಸೆದೆ. ಎರಡು ಸೀಟಿನ ಮೇಲೆ ಬಿತ್ತು. ಹಿಟ್ಟು ಹಾರಿ ಹಿಂದಿನವರು ಕೆಮ್ಮಿದರು. ದೋಸೆ ತಿಂದು, ಕಾಫಿ ಕುಡಿದು ಬಂದಾಗ ಬಸ್ಸು ತುಂಬಿ ತುಳುಕುತ್ತಿತ್ತು. ಟವೆಲ್ಲು ಮಾತ್ರ ಹಾಗೇ ಕೂತಿತ್ತು. ಅದರ ಪಕ್ಕದಲ್ಲಿ ಕಂಬಿ ಹಿಡಿದುಕೊಂಡು, ಬರೀ ಹೆಗಲಿನ ಗುಂಡಯ್ಯನವರು ನಿಂತಿದ್ದರು. ಖಾಲಿ ಸೀಟು ಮೊಣಕಾಲಿಗೆ ತಾಗುತ್ತಿದ್ದರೂ ಟವೆಲ್ಲು ಎತ್ತಿರಲಿಲ್ಲ. ಪಾಪ, ಆ ಒಂದು ಕಾನೂನು ಮಾತ್ರ ಅವರಿಗೂ ಗೊತ್ತಿತ್ತು.

ನಾನು ಕಿಟಕಿಯ ಪಕ್ಕ ಕೂತೆ. ಟವೆಲ್ಲು ತೆಗೆದು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

“ಕೂತ್ಕೊಳ್ಳಿ ಸಾರ್” ಎಂದೆ. “ನಾನ್ ಸೀಟ್ ಹಿಡ್ದಿದೀನಿ.”

ಅವರು ಆ ಕಡೆ ಈ ಕಡೆ ನೋಡಿ, ಅಂಚಿನಲ್ಲಿ ಕೂತರು. ಹೆಗ್ಗೆರೆ ಬರುವ ಮೊದಲೇ ಬಾಯಿ ತೆರೆದುಕೊಂಡಿತ್ತು. ಮುಖ ಮುಚ್ಚಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ಇಡೀ ಬಸ್ಸು ನೋಡಿತು. ನಾನು ಗಾಳಿಗೆ ಮುಖ ಕೊಟ್ಟು ದಾರಿಯುದ್ದಕ್ಕೂ ಹೊರಗೆ ನೋಡಿದೆ. ಇಷ್ಟು ದಿನ ಅವರ ಹೊಟ್ಟೆಯ ಆಚೆ ಒಂದು ಕೆರೆ ಇತ್ತೆಂದು ಅವತ್ತೇ ತಿಳಿದದ್ದು.

ಊರು ಬಂದಾಗ ಅವರ ಭುಜ ಮುಟ್ಟಿ ಎಬ್ಬಿಸಿದೆ.

“ಗುಬ್ಬಿ ಸಾರ್” ಎಂದೆ. “ಇಳೀರಿ.”

ಅವರು ತಕರಾರಿಲ್ಲದೆ ಇಳಿದರು. ಪ್ಯಾಂಟಿನ ಹಿಂದೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನು ಮಾತ್ರ ನಾನು ಹೇಳಲಿಲ್ಲ.